ಹಿರಿಯರ ಬೆನ್ನುಮೂಳೆಯ ತೊಂದರೆಗಳು ಮತ್ತು ಶಸ್ತ್ರಚಿಕಿತ್ಸೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಹಿರಿಯರೂ ಅವರನ್ನು ಕೈಹಿಡಿದು ಆಸ್ಪತ್ರೆಗೆ ಕರೆತರುವ ಮನೆಯವರೂ ಬೆನ್ನುಮೂಳೆಯ ಬಗ್ಗೆ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಇವು ತಿಳಿವಳಿಕೆಗಾಗಿ ಬರೆದವು. ರೋಗಿಯನ್ನು ಮುಟ್ಟಿ, ನಡೆಸಿ ನೋಡಿದ ವೈದ್ಯರ ಸಲಹೆಗೆ ಬದಲಿಯಲ್ಲ.

ವಯಸ್ಸಾದಂತೆ ಬೆನ್ನುಮೂಳೆಯಲ್ಲಿ ಏನು ಬದಲಾಗುತ್ತದೆ?

ಬೆನ್ನುಮೂಳೆ 33 ಮಣಿಗಳ ಸಾಲು. ನಮ್ಮ ಭಾಗದ ಜನ ಇವನ್ನು ಮಣಕ ಎನ್ನುತ್ತಾರೆ. ಕುತ್ತಿಗೆಯ 7, ಎದೆಯ ಹಿಂಭಾಗದ 12 ಮತ್ತು ಸೊಂಟದ 5 ಮಣಿಗಳು ಬಿಡಿಬಿಡಿಯಾಗಿದ್ದು ಚಲಿಸುತ್ತವೆ, ಅವುಗಳ ಕೆಳಗಿನವು ಬೆಸೆದುಕೊಂಡಿರುತ್ತವೆ. ಮಣಿಗಳ ನಡುವಿನ ಡಿಸ್ಕ್‌ಗಳು ವರ್ಷ ಕಳೆದಂತೆ ನೀರಿನಂಶ ಕಳೆದುಕೊಂಡು ತೆಳ್ಳಗಾಗುತ್ತವೆ, ಆ ಭಾರ ಹಿಂದಿನ ಸಣ್ಣ ಕೀಲುಗಳ ಮೇಲೆ ಬಿದ್ದು ಅವು ದಪ್ಪಗಾಗುತ್ತವೆ, ಮಣಿಗಳನ್ನು ಹಿಂದಿನಿಂದ ಹಿಡಿದಿಡುವ ಹಳದಿ ಬಣ್ಣದ ಕಟ್ಟುನಾರು ಉಬ್ಬಿ ಒಳಕ್ಕೆ ಮಡಚಿಕೊಳ್ಳುತ್ತದೆ. ಮೂರೂ ಸೇರಿ ನರಗಳು ಹಾದುಹೋಗುವ ದಾರಿಯನ್ನು ಇಕ್ಕಟ್ಟಾಗಿಸುತ್ತವೆ. ಸೊಂಟದ ನಾಲ್ಕನೆಯ ಮತ್ತು ಐದನೆಯ ಮಣಿಗಳ ನಡುವೆ ಇದು ಅತಿ ಹೆಚ್ಚಾಗಿ ಕಾಣುತ್ತದೆ. ಅಲ್ಲಿಯೇ ಮೇಲಿನ ಮಣಿ ಮುಂದಕ್ಕೆ ಜಾರುವುದೂ ಉಂಟು, ಹೆಂಗಸರಲ್ಲಿ ಈ ಜಾರುವಿಕೆ ಹೆಚ್ಚು.

ಒಂದು ಸಂಗತಿಯನ್ನು ಮೊದಲೇ ಹೇಳಿಬಿಡಬೇಕು. ಬೆನ್ನುಹುರಿಯು ಸೊಂಟದ ಮೊದಲನೆಯ ಅಥವಾ ಎರಡನೆಯ ಮಣಿಯ ಬಳಿ ಮುಗಿಯುತ್ತದೆ, ಅದರ ಕೆಳಗಿರುವುದು ನರಗಳ ಗೊಂಚಲು. ಹೀಗಾಗಿ ಸೊಂಟದ ಇಕ್ಕಟ್ಟು ಬಹುಮಟ್ಟಿಗೆ ನಿಧಾನದ ಕಾಯಿಲೆ, ಅದಕ್ಕೆ ಯೋಚಿಸಲು ಸಮಯವಿದೆ. ಕುತ್ತಿಗೆಯಲ್ಲಿ ಮತ್ತು ಎದೆಮಟ್ಟದಲ್ಲಿ ಒತ್ತಡ ಬೀಳುವುದು ಹುರಿಯ ಮೇಲೆಯೇ ಆದ್ದರಿಂದ ಅಲ್ಲಿ ತಡಮಾಡುವುದು ದುಬಾರಿಯಾಗುತ್ತದೆ. ಮುಂದಿನ ಉತ್ತರಗಳನ್ನು ಓದುವಾಗ ಈ ವ್ಯತ್ಯಾಸ ನೆನಪಿನಲ್ಲಿರಲಿ.

ನಮ್ಮ ತಂದೆಯವರಿಗೆ ಸ್ವಲ್ಪ ದೂರ ನಡೆದರೆ ಕಾಲು ಕಟ್ಟಿಕೊಳ್ಳುತ್ತವೆ, ಕುಳಿತರೆ ಸರಿಹೋಗುತ್ತವೆ. ಇದು ಬೆನ್ನಿನದೇ ತೊಂದರೆಯೇ?

ಬಹುಶಃ ಹೌದು. ಸೊಂಟದ ನರದಾರಿ ಇಕ್ಕಟ್ಟಾದವರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: "ನಾಕ ಹೆಜ್ಜಿ ನಡದ್ರ ಕಾಲ ಜಡ ಆಗ್ತಾವ, ಕುಂತ್ರ ಬಿಡ್ತಾವ." ನೆಟ್ಟಗೆ ನಿಂತಾಗ ದಾರಿ ಇನ್ನಷ್ಟು ಕಿರಿದಾಗುತ್ತದೆ, ಮುಂದಕ್ಕೆ ಬಾಗಿದಾಗ ತುಸು ಅಗಲವಾಗುತ್ತದೆ. ಅದಕ್ಕಾಗಿಯೇ ಇಂಥವರು ಸಂತೆಗೆ ನಡೆದು ಹೋಗಲಾರರು, ಆದರೆ ಸೈಕಲ್ಲಿನ ಹ್ಯಾಂಡಲ್ ಹಿಡಿದು ಬಾಗಿ ಹೊಲದವರೆಗೆ ತುಳಿದುಕೊಂಡು ಹೋಗಬಲ್ಲರು. ಸೈಕಲ್ ತುಳಿಯುವ ಅಜ್ಜನಿಗೆ ನಡೆಯಲು ಬರುವುದಿಲ್ಲವೆಂದರೆ ಮನೆಯವರು ಅದನ್ನು ನೆಪವೆಂದು ಭಾವಿಸುವುದುಂಟು. ಅದು ನೆಪವಲ್ಲ, ಈ ಕಾಯಿಲೆಯ ಗುರುತು. ಏರು ಹತ್ತುವುದಕ್ಕಿಂತ ಇಳಿಜಾರು ಇಳಿಯುವಾಗ ಕಷ್ಟ ಹೆಚ್ಚು ಎಂಬುದೂ ಅದೇ ಕಾರಣಕ್ಕೆ.

ಆದರೆ ಕಾಲಿನ ರಕ್ತನಾಳಗಳು ಕಟ್ಟಿಕೊಂಡಾಗಲೂ ನಡಿಗೆ ಹೀಗೆಯೇ ನಿಲ್ಲುತ್ತದೆ, ತಂಬಾಕು ಮತ್ತು ಬೀಡಿ ಬಳಸುವವರಲ್ಲಿ ಇದು ವಿಶೇಷವಾಗಿ ಕಾಣುತ್ತದೆ. ರಕ್ತನಾಳದ ನೋವು ಮೀನಖಂಡದಲ್ಲಿ ಶುರುವಾಗಿ ಸುಮ್ಮನೆ ನಿಂತರೂ ಕಡಿಮೆಯಾಗುತ್ತದೆ. ನರದ ನೋವು ಕಡಿಮೆಯಾಗಲು ಕೂರಬೇಕು ಇಲ್ಲವೇ ಬಾಗಬೇಕು. ಪಾದದ ನಾಡಿ ಸಿಗುತ್ತದೆಯೇ ಎಂದು ವೈದ್ಯರು ಬೆರಳಿಟ್ಟು ನೋಡುವುದು ಇದಕ್ಕಾಗಿ. ಸಕ್ಕರೆ ಕಾಯಿಲೆಯಿಂದ ಪಾದ ಉರಿಯುವುದು, ಟೊಂಕದ ಕೀಲು ಸವೆದು ತೊಡೆಸಂದಿ ನೋಯುವುದು ಕೂಡ ಬೆನ್ನಿನ ಹೆಸರಿನಲ್ಲಿ ಬರುತ್ತವೆ. ಎರಡು ಕಾಯಿಲೆಗಳು ಒಬ್ಬರಲ್ಲೇ ಇದ್ದರೆ ಬೆನ್ನಿನ ಶಸ್ತ್ರಚಿಕಿತ್ಸೆ ಅರ್ಧ ನೋವನ್ನಷ್ಟೇ ತೆಗೆಯುತ್ತದೆ, ಉಳಿದರ್ಧಕ್ಕೆ ಆಪರೇಷನ್ ಕೆಟ್ಟಿತೆಂಬ ಅಪವಾದ ಅಂಟಿಕೊಳ್ಳುತ್ತದೆ.

ಎಂಆರ್‌ಐ ವರದಿಯಲ್ಲಿ ಎಲ್ಲ ಮಣಕಗಳೂ ಸವೆದಿವೆ, ಡಿಸ್ಕ್ ಉಬ್ಬಿದೆ ಎಂದು ಬರೆದಿದ್ದಾರೆ. ಆಪರೇಷನ್ ಬೇಕೇ?

ವರದಿಯೊಂದರಿಂದಲೇ ಯಾರಿಗೂ ಬೇಕಾಗುವುದಿಲ್ಲ. ಯಾವ ಬೆನ್ನುನೋವೂ ಇಲ್ಲದ 80 ವರ್ಷದವರನ್ನು ಸ್ಕ್ಯಾನ್ ಮಾಡಿದರೂ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಜನರ ಡಿಸ್ಕ್ ಸವೆದಿರುವುದು ಕಾಣುತ್ತದೆ. ಚಿತ್ರದಲ್ಲಿ ಒತ್ತಿದ ನರವೂ, ರೋಗಿ ತೋರಿಸುವ ಜಾಗವೂ, ಪರೀಕ್ಷೆಯಲ್ಲಿ ಸಿಕ್ಕ ದೌರ್ಬಲ್ಯವೂ ಒಂದಕ್ಕೊಂದು ತಾಳೆಯಾದಾಗ ಮಾತ್ರ ಆ ಚಿತ್ರಕ್ಕೆ ಬೆಲೆ. ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, ರೋಗಿಯನ್ನು ನಾಲ್ಕು ಹೆಜ್ಜೆ ನಡೆಸದೆಯೇ ತಾರೀಖು ಕೊಡುವವರ ಬಳಿ ಎರಡನೆಯ ಅಭಿಪ್ರಾಯವಿಲ್ಲದೆ ಒಪ್ಪಿಕೊಳ್ಳದಿರುವುದು ಒಳ್ಳೆಯದು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಎಂಆರ್‌ಐ ಕೋಣೆಗೆ ಹೋಗುವ ಮುನ್ನವೇ ಅದನ್ನು ತಿಳಿಸಬೇಕು.

ಹಾಗಾದರೆ ಆಪರೇಷನ್ ಯಾರಿಗೆ ಬೇಕು?

ಸೊಂಟದ ಇಕ್ಕಟ್ಟು ತಾನಾಗಿ ಪಾರ್ಶ್ವವಾಯುವಿಗೆ ತಿರುಗುವುದು ಅಪರೂಪ. ಬಹಳ ಜನರಲ್ಲಿ ಅದು ವರ್ಷಗಟ್ಟಲೆ ಇದ್ದಹಾಗೆಯೇ ಇರುತ್ತದೆ. "ಈಗ ಮಾಡಿಸದಿದ್ದರೆ ಮುಂದೆ ಕಾಲು ಬಿದ್ದುಹೋಗುತ್ತವೆ" ಎಂಬ ಹೆದರಿಕೆಯಿಂದ ನಿರ್ಧಾರಕ್ಕೆ ಬರಬೇಕಾಗಿಲ್ಲ. ಮೊದಲು ವ್ಯಾಯಾಮ, ನೋವಿನ ಮಾತ್ರೆ, ಬೇಕಿದ್ದರೆ ನರದ ಸುತ್ತ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ ಇವುಗಳಿಂದ ಮೂರರಿಂದ ಆರು ತಿಂಗಳು ನೋಡಲಾಗುತ್ತದೆ. ಇಂಜೆಕ್ಷನ್ನಿನ ಗುಣ ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು ನಿಲ್ಲುತ್ತದೆ, ಸಕ್ಕರೆ ಕಾಯಿಲೆಯವರಲ್ಲಿ ಕೆಲವು ದಿನ ಸಕ್ಕರೆ ಏರುತ್ತದೆ. ನರದ ನೋವಿಗೆ ಬರೆಯುವ ಪ್ರಿಗಾಬಲಿನ್, ಗಾಬಾಪೆಂಟಿನ್ ಮಾತ್ರೆಗಳು ಹಿರಿಯರಿಗೆ ತಲೆಸುತ್ತು ತರುತ್ತವೆ. ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಬಿದ್ದು ತೊಡೆಮೂಳೆ ಮುರಿದುಕೊಂಡರೆ ಮೂಲ ಕಾಯಿಲೆಗಿಂತ ದೊಡ್ಡ ಕಷ್ಟ ಬಂದಂತೆ. ಅಂಗಡಿಯಿಂದ ತಾವೇ ತಂದು ವರ್ಷಗಟ್ಟಲೆ ನುಂಗುವ ನೋವಿನ ಗುಳಿಗೆಗಳಿಂದ ಮೂತ್ರಪಿಂಡ ಕೆಡುತ್ತದೆ.

ಇಷ್ಟಾದರೂ ಮನೆಯಿಂದ ಗುಡಿಯವರೆಗೂ ನಡೆಯಲಾಗದಿದ್ದರೆ, ನಡೆಯಲಾಗದ್ದರಿಂದಲೇ ಊರಿನ ಮದುವೆ, ಮಣ್ಣು, ಪಂಚಾಯ್ತಿಕಟ್ಟೆ ಎಲ್ಲವೂ ತಪ್ಪಿಹೋಗಿದ್ದರೆ ಶಸ್ತ್ರಚಿಕಿತ್ಸೆ ಅರ್ಥಪೂರ್ಣ. ಕಾಲಿನ ನೋವು, ಜೋಮು ಮತ್ತು ನಡಿಗೆಯ ದೂರ ಇದರಿಂದ ಸುಧಾರಿಸುತ್ತವೆ. ಬರೀ ಬೆನ್ನುನೋವಿಗಾಗಿ ಮಾಡಿದರೆ ಫಲ ಅಷ್ಟು ಖಚಿತವಲ್ಲ. ಯಾವ ನೋವು ಹೋಗಬೇಕು, ಯಾವ ಕೆಲಸ ಮತ್ತೆ ಆಗಬೇಕು ಎಂಬುದನ್ನು ಹಿರಿಯರ ಬಾಯಿಂದಲೇ ಕೇಳಬೇಕು. ಮಕ್ಕಳೇ ಉತ್ತರಿಸುತ್ತಾ ಹೋದರೆ ಈ ಸಂಗತಿ ಹೊರಬರುವುದಿಲ್ಲ.

ಅವರಿಗೆ 78 ವರ್ಷ. ಈ ವಯಸ್ಸಿನಲ್ಲಿ ತಾಳಿಕೊಳ್ಳುತ್ತಾರೆಯೇ?

ವರ್ಷದ ಲೆಕ್ಕಕ್ಕಿಂತ ದೇಹದ ಕಸುವನ್ನು ನೋಡಬೇಕು. ಕುರ್ಚಿಯಿಂದ ಕೈಯೂರದೆ ಏಳಬಲ್ಲರೇ, ಕಳೆದ ವರ್ಷ ತೂಕ ಇಳಿದಿದೆಯೇ, ಮಾತು ಮತ್ತು ನೆನಪು ನೆಟ್ಟಗಿವೆಯೇ, ಹೃದಯ ಮತ್ತು ಶ್ವಾಸಕೋಶ ಹೇಗಿವೆ ಎಂಬುದರ ಮೇಲೆ ಅಪಾಯ ನಿಂತಿದೆ. ಗಟ್ಟಿಮುಟ್ಟಾದ 80 ವರ್ಷದವರು ಸೊರಗಿದ 65 ವರ್ಷದವರಿಗಿಂತ ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ. ಒಂದೇ ಮಟ್ಟದಲ್ಲಿ ಒತ್ತಡ ತೆಗೆಯುವ ಸಣ್ಣ ಶಸ್ತ್ರಚಿಕಿತ್ಸೆಯನ್ನು ಪೂರ್ತಿ ಪ್ರಜ್ಞೆ ತಪ್ಪಿಸದೆ, ಸೊಂಟಕ್ಕೆ ಅರಿವಳಿಕೆ ಕೊಟ್ಟು ಮಾಡುವುದೂ ಸಾಧ್ಯವಿದೆ.

ರಾಡು, ಸ್ಕ್ರೂ ಹಾಕಲೇಬೇಕೇ?

ಎಲ್ಲರಿಗೂ ಬೇಡ. ನರದ ಮೇಲಿನ ಎಲುಬು ಮತ್ತು ಉಬ್ಬಿದ ಕಟ್ಟುನಾರನ್ನು ಮಾತ್ರ ತೆಗೆದು ದಾರಿ ಬಿಡಿಸುವುದು ಒಂದು ವಿಧಾನ. ಹಾಗೆ ಬಿಡಿಸಿದ ನಂತರ ಮಣಿಗಳನ್ನು ಟೈಟಾನಿಯಂ ಸ್ಕ್ರೂ ಮತ್ತು ರಾಡುಗಳಿಂದ ಹಿಡಿದು ಬೆಸೆಯುವುದು ಇನ್ನೊಂದು. ಎರಡನೆಯದರಲ್ಲಿ ಸಮಯ, ರಕ್ತನಷ್ಟ ಮತ್ತು ಖರ್ಚು ಮೂರೂ ಹೆಚ್ಚು. 2016ರಲ್ಲಿ ಸ್ವೀಡನ್ನಿನಿಂದ ಪ್ರಕಟವಾದ ಪ್ರಯೋಗದಲ್ಲಿ 50ರಿಂದ 80 ವರ್ಷದ ರೋಗಿಗಳಿಗೆ, ಮಣಿ ಜಾರಿದ್ದರೂ ಜಾರದಿದ್ದರೂ, ಬೆಸೆಯುವಿಕೆಯಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಅದೇ ಸಮಯಕ್ಕೆ ಬಂದ ಚಿಕ್ಕ ಅಮೆರಿಕನ್ ಪ್ರಯೋಗ ಜಾರಿದ ಮಣಿಗಳಲ್ಲಿ ಬೆಸೆಯುವುದರ ಪರವಾಗಿ ಸ್ವಲ್ಪ ವಾಲಿತು, 2021ರ ನಾರ್ವೆಯ ಪ್ರಯೋಗ ಮತ್ತೆ ಬರೀ ಒತ್ತಡ ತೆಗೆಯುವುದೇ ಸಾಕೆಂಬ ಕಡೆಗೆ ನಿಂತಿತು. ಮುಂದೆ ಬಾಗಿದಾಗ ಮತ್ತು ಹಿಂದೆ ಬಾಗಿದಾಗ ತೆಗೆದ ಎಕ್ಸ್‌ರೇಗಳಲ್ಲಿ ಮಣಿ ಅಲುಗಾಡುತ್ತಿದ್ದರೆ, ಬೆನ್ನು ಬಹಳ ವಾಲಿದ್ದರೆ, ಅಥವಾ ಒತ್ತಡ ತೆಗೆಯುವಾಗ ಕೀಲನ್ನೇ ಬಹುಪಾಲು ತೆಗೆಯಬೇಕಾದರೆ ರಾಡಿನ ಅಗತ್ಯವಿರುತ್ತದೆ. ಇವು ಯಾವುವೂ ಇಲ್ಲದಿದ್ದಾಗ "ರಾಡು ಏಕೆ?" ಎಂದು ಕೇಳುವುದು ಉದ್ಧಟತನವಲ್ಲ.

ಎಲುಬು ಟೊಳ್ಳಾದವರಲ್ಲಿ ಸ್ಕ್ರೂ ಸಡಿಲವಾಗುವ ಭಯವಿದೆ, ಆದ್ದರಿಂದ ಮೊದಲೇ ಡೆಕ್ಸಾ ಪರೀಕ್ಷೆಯಿಂದ ಎಲುಬಿನ ಸಾಂದ್ರತೆ ನೋಡಿಕೊಳ್ಳಬೇಕು. ದುರ್ಬೀನಿನ ಆಪರೇಷನ್ನಿನಲ್ಲಿ ಗಾಯ ಚಿಕ್ಕದು, ಸ್ನಾಯುಗಳಿಗೆ ಪೆಟ್ಟು ಕಡಿಮೆ, ಏಳುವುದು ಬೇಗ. ಹಾಗೆಂದು ಎಲ್ಲ ಇಕ್ಕಟ್ಟುಗಳಿಗೂ ಅದು ಹೊಂದುವುದಿಲ್ಲ. ಗಾಯದ ಉದ್ದಕ್ಕಿಂತ ನರ ಪೂರ್ತಿ ಬಿಡುಗಡೆಯಾಗುವುದು ಮುಖ್ಯ.

ತಾಯಿಯವರು ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತಿದ್ದಾಗ ಹಂಪ್ ಎತ್ತಿಹಾಕಿತು, ಅಂದಿನಿಂದ ಬೆನ್ನು ಎತ್ತಲಾಗುತ್ತಿಲ್ಲ. ಇಷ್ಟಕ್ಕೇ ಮೂಳೆ ಮುರಿಯುತ್ತದೆಯೇ?

ಮುರಿಯುತ್ತದೆ. ಮುಟ್ಟು ನಿಂತ ನಂತರ ಎಲುಬು ಬೇಗ ಟೊಳ್ಳಾಗುವುದರಿಂದ ಕೊಡ ಎತ್ತುವಾಗ, ಜೋರಾಗಿ ಕೆಮ್ಮಿದಾಗಲೂ ಮಣಿ ಕುಸಿಯಬಹುದು. ಆಸ್ತಮಾಕ್ಕೆ ದೀರ್ಘಕಾಲ ಸ್ಟಿರಾಯ್ಡ್ ನುಂಗಿದವರಲ್ಲಿ, ಹೆಸರಿಲ್ಲದ ಪುಡಿಗಳನ್ನು ಕೀಲುನೋವಿಗೆಂದು ತಿಂದವರಲ್ಲಿ ಇದು ಇನ್ನೂ ಸುಲಭ, ಏಕೆಂದರೆ ಅಂಥ ಪುಡಿಗಳಲ್ಲಿ ಎಷ್ಟೋ ಸಲ ಸ್ಟಿರಾಯ್ಡ್ ಬೆರೆಸಿರುತ್ತಾರೆ. ಬಹಳಷ್ಟು ಕುಸಿತಗಳು ಯಾರ ಗಮನಕ್ಕೂ ಬರುವುದಿಲ್ಲ. ಮೊದಲು ಅಳತೆಗೆ ಸರಿಯಾಗಿ ಉಡುತ್ತಿದ್ದ ಇಳಕಲ್ ಸೀರೆಯ ಅಂಚು ಈಗ ನೆಲಕ್ಕೆ ತಾಗುತ್ತಿದೆಯೆಂದರೆ ತಾಯಿ ಕುಳ್ಳಾಗಿದ್ದಾರೆ, ಬೆನ್ನು ಗೂನಾಗುತ್ತಿದೆ ಎಂದು ತಿಳಿದು ಎಕ್ಸ್‌ರೇ ತೆಗೆಸುವುದು ಲೇಸು.

ಹೆಚ್ಚಿನವರಿಗೆ ಕೆಲವು ದಿನಗಳ ವಿಶ್ರಾಂತಿ, ನೋವಿನ ಔಷಧ, ಬೆನ್ನಿನ ಪಟ್ಟಿ ಸಾಕು; ಆರರಿಂದ ಹನ್ನೆರಡು ವಾರಗಳಲ್ಲಿ ನೋವು ಇಳಿಯುತ್ತದೆ. ಕುಸಿದ ಮಣಿಗೆ ಸೂಜಿಯಿಂದ ಎಲುಬಿನ ಸಿಮೆಂಟು ತುಂಬುವ ವಿಧಾನ ಫ್ರಾನ್ಸಿನಲ್ಲಿ 1984ರಲ್ಲಿ ಆರಂಭವಾಯಿತು. ಅದು ಎಲ್ಲೆಡೆ ಹರಡಿದ ಮೇಲೆ, 2009ರಲ್ಲಿ ಬಂದ ಎರಡು ಪ್ರಯೋಗಗಳಲ್ಲಿ ಸಿಮೆಂಟು ತುಂಬಿಸಿಕೊಂಡ ರೋಗಿಗಳಿಗೂ, ತುಂಬಿದಂತೆ ನಟಿಸಿ ತುಂಬದೆ ಬಿಟ್ಟ ರೋಗಿಗಳಿಗೂ ನೋವಿನಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಅದನ್ನು ಎಲ್ಲರಿಗೂ ಮಾಡುವ ಬದಲು, ಎಂಆರ್‌ಐಯಲ್ಲಿ ಮುರಿತ ಹೊಸದೆಂದು ಕಂಡು, ಔಷಧ ಕೊಟ್ಟರೂ ಹಾಸಿಗೆಯಿಂದ ಏಳಲಾಗದವರಿಗೆ ಮೀಸಲಿಡುವುದು ಸರಿಯೆನಿಸುತ್ತದೆ. ಮುರಿದ ತುಣುಕು ಹುರಿಯನ್ನು ಒತ್ತುತ್ತಿದ್ದರೆ ಸಿಮೆಂಟು ಸಾಲದು, ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಕು.

ಮನೆಯವರು ಮರೆಯುವುದು ಇದರ ನಂತರದ ಔಷಧವನ್ನು. ಒಂದು ಮಣಿ ಕುಸಿದ ಹೆಂಗಸರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ವರ್ಷದೊಳಗೆ ಇನ್ನೊಂದು ಕುಸಿಯುತ್ತದೆ. ವಾರಕ್ಕೊಮ್ಮೆಯ ಅಲೆಂಡ್ರೋನೇಟ್ ಮಾತ್ರೆ, ವರ್ಷಕ್ಕೊಮ್ಮೆಯ ಜೋಲೆಡ್ರೋನಿಕ್ ಆಮ್ಲದ ಡ್ರಿಪ್, ತೀವ್ರವಾಗಿದ್ದರೆ ದಿನವೂ ಚುಚ್ಚಿಕೊಳ್ಳುವ ಟೆರಿಪಾರಟೈಡ್ ಇವುಗಳಲ್ಲಿ ಯಾವುದು ತಕ್ಕದ್ದೆಂದು ವೈದ್ಯರು ನಿರ್ಧರಿಸುತ್ತಾರೆ. ನೋವು ಹೋಯಿತೆಂದು ನಿಲ್ಲಿಸುವ ಔಷಧಗಳಲ್ಲ ಇವು.

ನೋವೇನೂ ಇಲ್ಲ, ಆದರೆ ಕೈಬೆರಳು ಹಿಡಿತ ಕೊಡುತ್ತಿಲ್ಲ, ನಡಿಗೆ ತೂರಾಡುತ್ತದೆ. ಇದಕ್ಕೂ ಬೆನ್ನಿಗೂ ಸಂಬಂಧವಿದೆಯೇ?

ಈ ಪ್ರಶ್ನೆ ಬಂದಾಗ ತಡಮಾಡಬಾರದು. ಕುತ್ತಿಗೆಯಲ್ಲಿ ಬೆನ್ನುಹುರಿ ಒತ್ತಲ್ಪಟ್ಟಾಗ ನೋವು ಇರಲೇಬೇಕೆಂದಿಲ್ಲ. ಎಲೆ ಅಡಿಕೆ ಚಂಚಿಯ ದಾರ ಬಿಚ್ಚಲು ಅಜ್ಜಿ ಮೊಮ್ಮಗಳನ್ನು ಕರೆಯುತ್ತಾರೆ, ರೊಟ್ಟಿ ಬಡಿಯುವಾಗ ಅಂಗೈ ಚಪ್ಪಟೆಯಾಗಿ ಬೀಳದೆ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗುತ್ತದೆ, ಚಪ್ಪಲಿ ಕಾಲಿನಿಂದ ಜಾರಿದ್ದು ಗೊತ್ತಾಗುವುದಿಲ್ಲ, ಕತ್ತಲಲ್ಲಿ ಗೋಡೆ ಹಿಡಿದೇ ನಡೆಯಬೇಕಾಗುತ್ತದೆ. ಮನೆಯಲ್ಲಿ ಇದನ್ನು ಮುಪ್ಪಿನ ನಡುಕವೆಂದು ಬಿಟ್ಟುಬಿಡುತ್ತಾರೆ. ಮಧ್ಯಮ ಅಥವಾ ತೀವ್ರ ಒತ್ತಡಕ್ಕೆ ಮಾತ್ರೆಯಾಗಲಿ ಕುತ್ತಿಗೆ ಪಟ್ಟಿಯಾಗಲಿ ಪರಿಹಾರವಲ್ಲ. ಶಸ್ತ್ರಚಿಕಿತ್ಸೆಯ ಮೊದಲ ಗುರಿ ಇನ್ನಷ್ಟು ಹದಗೆಡದಂತೆ ತಡೆಯುವುದು. ಹೋದ ಶಕ್ತಿ ಎಷ್ಟು ಮರಳುತ್ತದೆಂಬುದು ಎಷ್ಟು ಬೇಗ ಬಂದರು ಎಂಬುದನ್ನು ಅವಲಂಬಿಸಿದೆ. ಮುಂದಿನಿಂದ ಡಿಸ್ಕ್ ತೆಗೆದು ಬೆಸೆಯುವುದು, ಹಿಂದಿನಿಂದ ಎಲುಬು ತೆಗೆಯುವುದು, ಅಥವಾ ಎಲುಬನ್ನು ತೆಗೆಯದೆ ಬಾಗಿಲಿನಂತೆ ತೆರೆದಿಡುವುದು ಇವು ವಿಧಾನಗಳು.

ನಮ್ಮ ಜಿಲ್ಲೆಗಳಿಗೆ ಸಂಬಂಧಿಸಿದ ಇನ್ನೊಂದು ಕಾರಣವಿದೆ. ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಅನೇಕ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ದಶಕಗಟ್ಟಲೆ ಅಂಥ ನೀರು ಕುಡಿದವರಲ್ಲಿ ಹಲ್ಲು ಕಂದಾಗುವುದಷ್ಟೇ ಅಲ್ಲ, ಬೆನ್ನಿನ ಕಟ್ಟುನಾರುಗಳೇ ಎಲುಬಾಗಿ ಗಟ್ಟಿಯಾಗಿ ಹುರಿಯನ್ನು ಒತ್ತುತ್ತವೆ. ಇದರ ಶಸ್ತ್ರಚಿಕಿತ್ಸೆ ಸಾಮಾನ್ಯ ಸವೆತದ್ದಕ್ಕಿಂತ ಕಠಿಣ, ಏಕೆಂದರೆ ಹುರಿಯ ಹೊದಿಕೆಗೇ ಎಲುಬು ಅಂಟಿಕೊಂಡಿರಬಹುದು. ಯಾವ ಊರಿನ ಯಾವ ನೀರನ್ನು ಎಷ್ಟು ವರ್ಷ ಕುಡಿದಿದ್ದೀರಿ ಎಂದು ವೈದ್ಯರಿಗೆ ತಾವಾಗಿಯೇ ಹೇಳಿ.

ಬೆನ್ನುನೋವಿನ ಜೊತೆ ಸಂಜೆ ಜ್ವರ ಬರುತ್ತದೆ, ತೂಕ ಇಳಿದಿದೆ.

ಇದು ಸವೆತದ ನೋವಲ್ಲ. ಮೊದಲು ಯೋಚಿಸಬೇಕಾದದ್ದು ಬೆನ್ನುಮೂಳೆಯ ಕ್ಷಯ. ರಾತ್ರಿ ಮಲಗಿದಾಗಲೂ ಬಿಡದ ನೋವು ಅದರ ಲಕ್ಷಣಗಳಲ್ಲೊಂದು. ಬಹುಪಾಲು ರೋಗಿಗಳು ಔಷಧದಿಂದಲೇ ಗುಣವಾಗುತ್ತಾರೆ; ಔಷಧ ಸಾಮಾನ್ಯವಾಗಿ 12 ತಿಂಗಳು, ಕೆಲವರಿಗೆ 18 ತಿಂಗಳು. ಸರ್ಕಾರಿ ವ್ಯವಸ್ಥೆಯಲ್ಲಿ ಅದು ಉಚಿತ, ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ನಿಕ್ಷಯ ಯೋಜನೆಯಿಂದ ಖಾತೆಗೆ ಬರುತ್ತದೆ. ಕಾಲಿನ ಶಕ್ತಿ ಕುಂದುತ್ತಿದ್ದರೆ, ಕೀವು ಹುರಿಯನ್ನು ಒತ್ತುತ್ತಿದ್ದರೆ, ಬೆನ್ನು ಬಾಗುತ್ತಿದ್ದರೆ ಮಾತ್ರ ಶಸ್ತ್ರಚಿಕಿತ್ಸೆ.

ಕುರಿ, ಆಡು, ಎಮ್ಮೆಗಳ ಒಡನಾಟವಿರುವವರಲ್ಲಿ, ಕಾಯಿಸದ ಹಾಲು ಕುಡಿಯುವವರಲ್ಲಿ ಬ್ರುಸೆಲ್ಲಾ ಸೋಂಕೂ ಹೀಗೆಯೇ ಬೆನ್ನುಮೂಳೆಗೆ ಇಳಿಯುತ್ತದೆ. ಕ್ಷಯದ ಔಷಧ ಶುರುಮಾಡುವ ಮೊದಲು ಮಾದರಿ ತೆಗೆದು ಪರೀಕ್ಷಿಸಬೇಕೆಂದು ವೈದ್ಯರು ಹಠ ಹಿಡಿದರೆ ಅದಕ್ಕೆ ಕಾರಣ ಇದೇ. ಸ್ತನ, ಪ್ರಾಸ್ಟೇಟ್, ಶ್ವಾಸಕೋಶ, ಮೂತ್ರಪಿಂಡದ ಕ್ಯಾನ್ಸರ್ ಬೆನ್ನಿಗೆ ಹರಡುವುದೂ, ಮಜ್ಜೆಯ ಕ್ಯಾನ್ಸರ್ ಮಣಿಗಳನ್ನು ತಿನ್ನುವುದೂ ಈ ವಯಸ್ಸಿನಲ್ಲೇ.

ಯಾವಾಗ ಅದೇ ದಿನ ಹೊರಡಬೇಕು?

ಮೂತ್ರ ಕಟ್ಟಿದರೆ ಅಥವಾ ಅರಿವಿಲ್ಲದೆ ಹೋದರೆ, ಕುಳಿತುಕೊಳ್ಳುವ ಜಾಗ ಮರಗಟ್ಟಿದರೆ, ಪಾದ ಎತ್ತಲು ಬಾರದಾದರೆ, ಕಾಲುಗಳ ಬಲ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ. ಗಂಡಸರಲ್ಲಿ ಮೂತ್ರ ಕಟ್ಟಿದ್ದನ್ನು ಪ್ರಾಸ್ಟೇಟ್‌ನದೆಂದು ತಿಳಿದು ನಳಿಕೆ ಹಾಕಿಸಿ ಮನೆಗೆ ಕಳಿಸಿಬಿಡುವುದುಂಟು. ಕಾಲಿನ ಜೋಮೂ ಜೊತೆಗಿದ್ದರೆ ಅದನ್ನು ಅಲ್ಲಿಯೇ ಬಾಯಿಬಿಟ್ಟು ಹೇಳಬೇಕು. ಇಲ್ಲಿ ಗಂಟೆಗಳ ಲೆಕ್ಕವಿದೆ.

ಮಾಲೀಶು ಮಾಡಿಸಬಹುದೇ? ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿದರೆ ಹಿಡಿದ ಬೆನ್ನು ಬಿಡುತ್ತದೆ ಎನ್ನುತ್ತಾರೆ.

ಹಗುರವಾಗಿ ಎಣ್ಣೆ ಸವರಿ ಬಿಸಿನೀರು ಹಾಕಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಟೊಳ್ಳಾದ ಎಲುಬಿನ ಮೇಲೆ ಒದೆಸುವುದು, ತುಳಿಸುವುದು, ಕುತ್ತಿಗೆ ಲಟಿಗೆ ತೆಗೆಯಿಸುವುದು ಬೇಡವೇ ಬೇಡ.

ಶಸ್ತ್ರಚಿಕಿತ್ಸೆಗೆ ಮುನ್ನ ಏನು ಸಿದ್ಧತೆ ಬೇಕು? ಅಪಾಯಗಳೇನು?

ಸಕ್ಕರೆ ಹತೋಟಿಗೆ ಬರಬೇಕು, ಇಲ್ಲದಿದ್ದರೆ ಗಾಯ ಕೀವಾಗುತ್ತದೆ. ಬೀಡಿ, ಸಿಗರೇಟು, ತಂಬಾಕು ಬಿಡಬೇಕು; ಧೂಮಪಾನಿಗಳಲ್ಲಿ ಎಲುಬು ಬೆಸೆಯುವುದೇ ಕಷ್ಟ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುವಾಗಿಸುವ ಮಾತ್ರೆಗಳನ್ನು ತಾವಾಗಿ ನಿಲ್ಲಿಸಲೂಬಾರದು, ಮುಚ್ಚಿಟ್ಟು ನುಂಗಲೂಬಾರದು. ಎಷ್ಟು ದಿನ ಮುಂಚೆ ನಿಲ್ಲಿಸಬೇಕೆಂದು ಹೃದ್ರೋಗ ವೈದ್ಯರೂ ಶಸ್ತ್ರಚಿಕಿತ್ಸಕರೂ ಮಾತಾಡಿಕೊಂಡು ಹೇಳಬೇಕು. ಬಾಯಲ್ಲಿ ಹುಳುಕು ಹಲ್ಲು, ಮೂತ್ರದಲ್ಲಿ ಸೋಂಕು ಇದ್ದರೆ ಮೊದಲು ಅವು ವಾಸಿಯಾಗಲಿ.

ಗಾಯದ ಸೋಂಕು, ನರದ ಹೊದಿಕೆ ಹರಿದು ನೀರು ಸೋರುವುದು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು, ಸ್ಕ್ರೂ ಸಡಿಲವಾಗುವುದು, ಕೆಲವು ವರ್ಷಗಳ ನಂತರ ಬೆಸೆದ ಮಣಿಯ ಪಕ್ಕದ್ದು ಸವೆಯುವುದು ತಿಳಿದಿರಬೇಕಾದ ಅಪಾಯಗಳು. ನರಕ್ಕೇ ಪೆಟ್ಟಾಗಿ ಕಾಲು ದುರ್ಬಲವಾಗುವುದು ವಿರಳ, ಆದರೆ ಇಲ್ಲವೆನ್ನುವಂತಿಲ್ಲ. ಮನೆಯವರು ಅತಿ ಹೆಚ್ಚು ಗಾಬರಿಯಾಗುವುದು ಬೇರೊಂದಕ್ಕೆ: ಎರಡನೆಯ ರಾತ್ರಿ ಹಿರಿಯರು ಊರು, ಹೊತ್ತು ಮರೆತು ಏನೇನೋ ಮಾತಾಡುತ್ತಾ ನಳಿಕೆ ಕಿತ್ತುಕೊಳ್ಳಬಹುದು. ಹುಚ್ಚಲ್ಲ, ಬಹುಪಾಲು ಕೆಲವೇ ದಿನಗಳಲ್ಲಿ ಇಳಿಯುವ ಗೊಂದಲ. ಕನ್ನಡಕ ಮತ್ತು ಕಿವಿಯ ಯಂತ್ರ ಕೈಗೆಟಕುವಂತಿರಲಿ, ಪರಿಚಿತ ಮುಖವೊಂದು ಪಕ್ಕದಲ್ಲಿರಲಿ, ಹಗಲು ಕಿಟಕಿ ತೆರೆದಿರಲಿ. ಇಷ್ಟರಿಂದಲೇ ಬಹಳ ವ್ಯತ್ಯಾಸವಾಗುತ್ತದೆ.

ಮನೆಗೆ ಬಂದ ಮೇಲೆ ಹೇಗಿರಬೇಕು?

ಮರುದಿನವೇ ಎಬ್ಬಿಸಿ ನಡೆಸುತ್ತಾರೆ. "ಪಾಪ, ಮಲಗಿರಲಿ" ಎಂಬ ಕನಿಕರ ಹಿರಿಯರ ಸ್ನಾಯುಗಳನ್ನು ಕರಗಿಸುತ್ತದೆ. ಹೊಲಿಗೆ ಬಿಚ್ಚುವುದು ಹತ್ತರಿಂದ ಹದಿನಾಲ್ಕು ದಿನಗಳಲ್ಲಿ. ಬರೀ ಒತ್ತಡ ತೆಗೆದಿದ್ದರೆ ಆರು ವಾರಗಳಲ್ಲಿ ಮನೆಯೊಳಗಿನ ಕೆಲಸಗಳಿಗೆ ಮರಳಬಹುದು, ಬೆಸೆದಿದ್ದರೆ ಎಲುಬು ಕೂಡಲು ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ನೆಲದ ಮೇಲೆ ಕುಳಿತು ಉಣ್ಣುವುದು, ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವುದು, ಕುಕ್ಕರುಗಾಲಿನ ಶೌಚ ಇವೆಲ್ಲ ಮೊದಲ ಮೂರು ತಿಂಗಳು ಬೇಡ. ಆಸ್ಪತ್ರೆಗೆ ಸೇರುವ ಮೊದಲೇ ಕಮೋಡು ಇಲ್ಲವೇ ಕಮೋಡು ಕುರ್ಚಿ, ಬಚ್ಚಲಿನಲ್ಲಿ ಹಿಡಿಕೆ, ಎತ್ತರದ ಮಂಚ ಮನೆಯಲ್ಲಿರಬೇಕು. ಅಂಗಳದಾಚೆಯ ಬಚ್ಚಲಿಗೆ ದೀಪವೂ ಬೇಕು. ಮೂರು ತಿಂಗಳ ನಂತರ ರೊಟ್ಟಿ ಮಾಡಲೇಬೇಕೆಂದರೆ ಕಟ್ಟೆಯ ಮೇಲೆ ಒಲೆಯಿಟ್ಟು ನಿಂತು ಮಾಡಲಿ. ಕಬ್ಬಿನ ಹೊರೆ, ಗೊಬ್ಬರದ ಚೀಲ ಹೊರುವ ಕಾಲ ಮುಗಿಯಿತೆಂದೇ ತಿಳಿಯಬೇಕು.

ಎಲ್ಲಿ ತೋರಿಸುವುದು, ಖರ್ಚಿಗೆ ಏನು ದಾರಿ?

ಬೆಳಗಾವಿಯಲ್ಲಿ ಬಿಮ್ಸ್ ಮತ್ತು ಕೆಎಲ್‌ಇ, ವಿಜಯಪುರದಲ್ಲಿ ಬಿಎಲ್‌ಡಿಇ, ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಗಡಿಭಾಗದ ಜನ ಮಿರಜ, ಸೊಲ್ಲಾಪುರಕ್ಕೂ ಹೋಗುತ್ತಾರೆ. ಸರ್ಕಾರಿ ಯೋಜನೆಯ ನೆರವು ಬೇಕಿದ್ದರೆ ರಾಜ್ಯ ದಾಟುವ ಮೊದಲು ವಿಚಾರಿಸಿಕೊಳ್ಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ. 30ರಷ್ಟು ನೆರವಿದೆ. ತುರ್ತಲ್ಲದ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ, ಅದಿಲ್ಲದೆ ನೇರವಾಗಿ ಖಾಸಗಿಗೆ ಸೇರಿದವರು ಕೌಂಟರಿನಲ್ಲಿ ಪರದಾಡುತ್ತಾರೆ. ಸಹಕಾರ ಸಂಘಗಳ ಸದಸ್ಯರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಇದೆ. ಯಾವುದಕ್ಕೂ ಸೇರುವ ಮುನ್ನ ಆಸ್ಪತ್ರೆಯಲ್ಲಿ ಯೋಜನೆಯ ಮಾಹಿತಿ ಕೊಡುವ ಸಿಬ್ಬಂದಿಯಾದ ಆರೋಗ್ಯಮಿತ್ರರನ್ನು ಕಂಡು, ನಿಮಗೆ ಹೇಳಿರುವ ಶಸ್ತ್ರಚಿಕಿತ್ಸೆ ಮತ್ತು ಸ್ಕ್ರೂಗಳ ಬೆಲೆ ಎರಡೂ ಯೋಜನೆಯೊಳಗೆ ಬರುತ್ತವೆಯೇ ಎಂದು ಬರೆಸಿಕೊಳ್ಳಿ.

ಬರುವಾಗ ಏನೇನು ತರಬೇಕು?

ಎಂಆರ್‌ಐಯ ವರದಿ ಹಾಳೆಯೊಂದೇ ಸಾಲದು, ಫಿಲ್ಮ್ ಅಥವಾ ಸಿಡಿ ಬೇಕು. ನಿಂತು ತೆಗೆಸಿದ ಎಕ್ಸ್‌ರೇ ಇದ್ದರೆ ಅದೂ ಇರಲಿ. ದಿನವೂ ನುಂಗುವ ಎಲ್ಲ ಮಾತ್ರೆಗಳ ಚೀಟಿಯ ಬದಲು ಮಾತ್ರೆಗಳನ್ನೇ ಚೀಲದಲ್ಲಿ ತನ್ನಿ, ಪುಡಿ ಮತ್ತು ಕಷಾಯದ ಬಾಟಲಿಯನ್ನೂ ಸೇರಿಸಿ. ರೇಷನ್ ಕಾರ್ಡ್, ಆಧಾರ್, ಶಿಫಾರಸು ಪತ್ರ ಒಂದೇ ಫೈಲಿನಲ್ಲಿರಲಿ. ಜೊತೆಗೆ, ಮನೆಯಲ್ಲಿ ಹಿರಿಯರ ಆರೈಕೆ ನಿಜವಾಗಿ ಯಾರ ಕೈಯಲ್ಲಿದೆಯೋ ಅವರೇ ಬರಬೇಕು; ಬೆಂಗಳೂರು, ಪುಣೆಗಳಿಂದ ಒಂದು ದಿನದ ಮಟ್ಟಿಗೆ ಬಂದ ಮಗನಿಗಿಂತ ಅವರಿಗೆ ಹೆಚ್ಚು ಗೊತ್ತಿರುತ್ತದೆ.